ಮೊದಲು ದಾರಿಯ ಅಗಲ ಕೇಳು

ಮಗಳೇ,

ಎಸ್.ಪಿ. ರೋಡಿನ ಅಂಗಡಿಯವರು ಬರೆದುಕೊಟ್ಟ ಎರಡು ಕೊಟೇಶನ್‌ಗಳ ಫೋಟೊ ನೋಡಿದೆ. ಎರಡರಲ್ಲೂ ಪ್ರೊಸೆಸರ್ ಒಂದೇ, ಇಂಟೆಲ್ ಕೋರ್ ಐ5-12400. ಮೊದಲನೆಯದರಲ್ಲಿ ಡಿಡಿಆರ್4 ಕೂರುವ ಬಿ760 ಬೋರ್ಡ್, 3200 ವೇಗದ 16 ಜಿಬಿ ಸ್ಟಿಕ್ ಎರಡು. ಎರಡನೆಯದರಲ್ಲಿ ಡಿಡಿಆರ್5 ಕೂರುವ ಬಿ760 ಬೋರ್ಡ್, 5600 ವೇಗದ 16 ಜಿಬಿ ಸ್ಟಿಕ್ ಒಂದೇ ಒಂದು. ಒಟ್ಟು ಮೊತ್ತ ಹೆಚ್ಚುಕಡಿಮೆ ಸಮ. "5600 ಅಂದರೆ 3200ಕ್ಕಿಂತ ಮುಕ್ಕಾಲು ಪಾಲು ಜಾಸ್ತಿ. ಹಾಗಾದರೆ ಎರಡನೆಯದೇ ಮೇಲಲ್ಲವಾ ದೊಡ್ಡಪ್ಪಾ?" ಎಂದು ಕೇಳಿದ್ದೀಯ. ಉತ್ತರವನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಾಳೆ ನಿನ್ನ ಗೆಳತಿ ಬೇರೆ ಬೋರ್ಡು, ಬೇರೆ ರ‍್ಯಾಮ್ ಹಿಡಿದು ಬಂದು ಇದೇ ಪ್ರಶ್ನೆ ಕೇಳಿದರೆ ನೀನೇ ಉತ್ತರ ತೆಗೆಯುವಂತಾಗಬೇಕು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಸ್ಟಿಕ್ಕಿನ ಮೇಲೆ ಅಚ್ಚಾದ ಸಂಖ್ಯೆ ಆ ಸ್ಟಿಕ್ ಎಷ್ಟು ಕೊಡಬಲ್ಲದು ಎಂದು ಹೇಳುತ್ತದೆ. ಪ್ರೊಸೆಸರ್‌ಗೆ ಎಷ್ಟು ತಲುಪುತ್ತದೆ ಎಂಬುದನ್ನು ನಡುವಿನ ದಾರಿಯ ತೀರಾ ಇಕ್ಕಟ್ಟಾದ ಜಾಗ ತೀರ್ಮಾನಿಸುತ್ತದೆ. ಕೆರೆ ತುಂಬಿ ಕೋಡಿ ಬಿದ್ದರೂ ಗದ್ದೆಗೆ ಹರಿಯುವುದು ತೂಬು ಬಿಟ್ಟಷ್ಟೇ ನೀರು. ನಾನು ಹೇಳಬೇಕಾದದ್ದೆಲ್ಲ ಇಷ್ಟರಲ್ಲೇ ಇದೆ, ಉಳಿದದ್ದು ವಿವರ. ಆದರೆ ವಿವರ ಗೊತ್ತಿಲ್ಲದೆ ಹೋದರೆ ಅಂಗಡಿಯಲ್ಲಿ ಈ ಮಾತು ಕೆಲಸಕ್ಕೆ ಬರುವುದಿಲ್ಲ.

ಲೆಕ್ಕ ಹೀಗೆ. ಡೆಸ್ಕ್‌ಟಾಪ್‌ನಲ್ಲಿ ಒಂದು ಮೆಮೊರಿ ಚಾನೆಲ್‌ನ ಅಗಲ 64 ಬಿಟ್, ಅಂದರೆ ಒಂದು ಸಲಕ್ಕೆ 8 ಬೈಟ್. 3200 ಅಂದರೆ ಸೆಕೆಂಡಿಗೆ 320 ಕೋಟಿ ಸಲ. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 25.6 ಜಿಬಿ. ಸ್ಟಿಕ್ ಎರಡಿದ್ದು ಎರಡು ಚಾನೆಲ್‌ಗೆ ಒಂದೊಂದು ಕೂತರೆ 51.2 ಜಿಬಿ. ಈಗ ಎರಡನೆಯ ಕೊಟೇಶನ್ ತೆಗೆದುಕೊ. 5600ನ್ನು 8ರಿಂದ ಗುಣಿಸಿದರೆ 44.8 ಜಿಬಿ. ಸ್ಟಿಕ್ ಒಂದೇ ಆದ್ದರಿಂದ ಲೆಕ್ಕ ಅಲ್ಲಿಗೇ ನಿಂತಿತು. ದೊಡ್ಡ ಸಂಖ್ಯೆಯ ರ‍್ಯಾಮ್ ಇಲ್ಲಿ ಕೊಡುತ್ತಿರುವುದು ಚಿಕ್ಕ ಮೊತ್ತ. ಕೌಂಟರ್ ಮುಂದೆ ನಿಂತೇ, ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಮಾಡಬಹುದಾದ ಲೆಕ್ಕ ಇದು.

ಇದೇ ಲೆಕ್ಕವನ್ನು ಇಡೀ ಉದ್ಯಮ ಕೈಸುಟ್ಟುಕೊಂಡು ಕಲಿತ ಕಾಲವೊಂದಿತ್ತು. 1998ರಿಂದ 2003ರ ವರೆಗಿನ ಆ ಐದು ವರ್ಷಗಳನ್ನು ನಿನ್ನ ವಯಸ್ಸಿನವರು ಓದಿ ತಿಳಿದುಕೊಳ್ಳಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಮೆಮೊರಿ ಮತ್ತು ಚಿಪ್‌ಸೆಟ್ ವಿಷಯದಲ್ಲಿ ಅಷ್ಟು ಸ್ಪಷ್ಟವಾದ ಪಾಠ ಆಮೇಲೆ ಬಂದಿಲ್ಲ.

ಆಗ ಮೆಮೊರಿ ಕಂಟ್ರೋಲರ್ ಇದ್ದದ್ದು ಪ್ರೊಸೆಸರ್‌ನ ಒಳಗಲ್ಲ, ಬೋರ್ಡಿನ ಮೇಲಿನ ನಾರ್ತ್‌ಬ್ರಿಡ್ಜ್ ಎಂಬ ಚಿಪ್‌ನಲ್ಲಿ. ಪ್ರೊಸೆಸರ್ ಏನು ಕೇಳಿದರೂ ಫ್ರಂಟ್ ಸೈಡ್ ಬಸ್ ದಾಟಿ ನಾರ್ತ್‌ಬ್ರಿಡ್ಜ್‌ಗೆ ಹೋಗಿ, ಅಲ್ಲಿಂದ ರ‍್ಯಾಮ್‌ಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹಾಗಾಗಿ ಚಿಪ್‌ಸೆಟ್ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಇಡೀ ಯಂತ್ರದ ಹಣೆಬರಹವಾಗಿತ್ತು. 1998ರಲ್ಲಿ ಬಂದ ಇಂಟೆಲ್‌ನ 440ಬಿಎಕ್ಸ್ ಚಿಪ್‌ಸೆಟ್ 100 ಮೆಗಾಹರ್ಟ್ಸ್ ಎಸ್‌ಡಿರ‍್ಯಾಮ್ ನಡೆಸುತ್ತಿತ್ತು: 8 ಬೈಟ್, 100 ಮೆಗಾಹರ್ಟ್ಸ್, ಸೆಕೆಂಡಿಗೆ 800 ಎಂಬಿ. ಅಸೆಂಬಲ್ ಮಾಡುವ ನಮ್ಮಂಥವರಿಗೆ ಅದರ ಮೇಲೆ ವಿಪರೀತ ನಂಬಿಕೆ. ಹಾಕಿದರೆ ನಡೆಯುತ್ತದೆ, ನಡೆದರೆ ವರ್ಷಗಟ್ಟಲೆ ನಿಲ್ಲುವುದಿಲ್ಲ.

ಇಂಟೆಲ್ ಮುಂದಿನ ಹೆಜ್ಜೆಯಾಗಿ ಆರಿಸಿಕೊಂಡದ್ದು ರ‍್ಯಾಂಬಸ್ ಕಂಪನಿಯ ಆರ್‌ಡಿರ‍್ಯಾಮ್. ಅದರ ಚಾನೆಲ್ ಬರೀ 16 ಬಿಟ್ ಅಗಲ, ಆದರೆ ಸೆಕೆಂಡಿಗೆ 80 ಕೋಟಿ ಸಲ ಓಡುತ್ತದೆ. 2 ಬೈಟ್ ಗುಣಿಸು 800, ಅಂದರೆ ಸೆಕೆಂಡಿಗೆ 1.6 ಜಿಬಿ. ಆಗಿನ ಪಿಸಿ133 ಎಸ್‌ಡಿರ‍್ಯಾಮ್ ಕೊಡುತ್ತಿದ್ದದ್ದು 1.06 ಜಿಬಿ. ಕಾಗದದ ಮೇಲೆ ಒಂದೂವರೆ ಪಟ್ಟು. ಸ್ಟಿಕ್‌ಗೂ ಹೊಸ ಹೆಸರು, ರಿಮ್. ಒಂದನ್ನು ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತಿತ್ತು: ಎರಡೂ ಬದಿಗೆ ಅಲ್ಯುಮಿನಿಯಂ ತಗಡಿನ ಹೊದಿಕೆ. ಕೆಲಸ ಮಾಡುವಾಗ ಹೊರೆಯೆಲ್ಲ ಒಂದು ಚಿಪ್ಪಿನ ಮೇಲೆ ಬಿದ್ದು ಅದು ಬಿಸಿಯಾಗುತ್ತಿತ್ತು, ಆ ಬಿಸಿಯನ್ನು ಹರಡಲು ತಗಡು. ಇನ್ನೊಂದು ವಿಚಿತ್ರ: ಬೋರ್ಡಿನಲ್ಲಿ ಸ್ಲಾಟ್ ಖಾಲಿ ಬಿಡುವಂತಿಲ್ಲ. ಸಿಗ್ನಲ್ ಒಂದು ಸ್ಲಾಟ್ ಹಾದು ಮುಂದಿನ ಸ್ಲಾಟ್‌ಗೆ ಹೋಗಿ ಕೊನೆ ಮುಟ್ಟಬೇಕು. ಖಾಲಿ ಬಿಟ್ಟರೆ ಸರಪಳಿ ತುಂಡಾಗಿ ಯಂತ್ರ ಏಳುವುದೇ ಇಲ್ಲ. ಅದಕ್ಕಾಗಿ ಮೆಮೊರಿ ಚಿಪ್ಪೇ ಇಲ್ಲದ, ತಾಮ್ರದ ಗೆರೆಗಳು ಮಾತ್ರ ಇರುವ ಸಿ-ರಿಮ್ ಎಂಬ ಹಸಿರು ಪಟ್ಟಿಯನ್ನು ಅಲ್ಲಿ ತುರುಕಬೇಕಿತ್ತು. ಹಳೆ ಯಂತ್ರ ಬಿಚ್ಚಿದಾಗ ಈ ಪಟ್ಟಿಯನ್ನು ಕೆಲಸಕ್ಕೆ ಬಾರದ್ದೆಂದು ಎಸೆದುಬಿಟ್ಟ ಹುಡುಗರು, ಬೋರ್ಡೇ ಹೋಯಿತೆಂದು ಗಾಬರಿಪಟ್ಟದ್ದನ್ನು ನೋಡಿದ್ದೇನೆ.

ಈಗ ತೂಬಿನ ಪ್ರಶ್ನೆ ಕೇಳು. ಪೆಂಟಿಯಮ್ 3ರ ಬಸ್ ಎಷ್ಟಗಲ? 64 ಬಿಟ್, 133 ಮೆಗಾಹರ್ಟ್ಸ್, ಸೆಕೆಂಡಿಗೆ 1.06 ಜಿಬಿ. ರ‍್ಯಾಮ್ 1.6 ಕೊಡಲು ಸಿದ್ಧವಿದ್ದರೂ ಪ್ರೊಸೆಸರ್ ಬಾಗಿಲಲ್ಲಿ ಹಿಡಿಸುವುದು 1.06 ಮಾತ್ರ. ಹೆಚ್ಚುವರಿ ಅಗಲದಿಂದ ಪ್ರೊಸೆಸರ್‌ಗೆ ಲಾಭ ಸಿಗಲಿಲ್ಲ. ಆದರೆ ಆರ್‌ಡಿರ‍್ಯಾಮ್‌ನ ಕಾಯುವ ಸಮಯ, ಲೇಟೆನ್ಸಿ, ಎಸ್‌ಡಿರ‍್ಯಾಮ್‌ಗಿಂತ ಹೆಚ್ಚಿತ್ತು. ಆ ನಷ್ಟ ಮಾತ್ರ ಪೂರ್ತಿ ಸಿಕ್ಕಿತು. ಬೆಲೆಯಂತೂ ಎಸ್‌ಡಿರ‍್ಯಾಮ್‌ನ ಹಲವು ಪಟ್ಟು.

ಅದಕ್ಕೆಂದೇ ಬಂದ 820 ಚಿಪ್‌ಸೆಟ್ 1999ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಗಬೇಕಿತ್ತು. ಬೋರ್ಡಿನಲ್ಲಿ ಮೂರು ರಿಮ್ ಸ್ಲಾಟ್ ಇದ್ದರೆ ದೋಷ ಬರುತ್ತದೆಂದು ಕೊನೇ ಗಳಿಗೆಯಲ್ಲಿ ತಿಳಿದು, ಎರಡೇ ಸ್ಲಾಟ್‌ಗೆ ಇಳಿಸಿ ನವೆಂಬರಿನಲ್ಲಿ ಬಿಟ್ಟರು. ಆರ್‌ಡಿರ‍್ಯಾಮ್ ಬೆಲೆಗೆ ಜನ ಹಿಂದೇಟು ಹಾಕಿದಾಗ, ಅದೇ ಚಿಪ್‌ಸೆಟ್ ಮೇಲೆ ಎಸ್‌ಡಿರ‍್ಯಾಮ್ ನಡೆಸಲು ನಡುವೆ ಒಂದು ಅನುವಾದಕ ಚಿಪ್ ಇಟ್ಟರು. ಅದೂ ಕೈಕೊಟ್ಟು, 2000ದ ಮೇ ತಿಂಗಳಲ್ಲಿ ಇಂಟೆಲ್ ಆ ಬೋರ್ಡುಗಳನ್ನು ಬದಲಾಯಿಸಿಕೊಡಬೇಕಾಯಿತು. ಮರುತಿಂಗಳು, ಜೂನಿನಲ್ಲಿ, ಪಿಸಿ133ಕ್ಕೆ ನೇರ ಬೆಂಬಲವಿರುವ 815 ಚಿಪ್‌ಸೆಟ್ ಬಂತು. ರ‍್ಯಾಂಬಸ್ ಮೇಲೆ ಅಷ್ಟು ಭಾರ ಹಾಕಿದ್ದು ತಪ್ಪಾಯಿತೆಂದು ಇಂಟೆಲ್ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಅದೇ ವರ್ಷ ಬಹಿರಂಗವಾಗಿಯೇ ಒಪ್ಪಿಕೊಂಡರು.

ಇಷ್ಟಕ್ಕೇ ಆರ್‌ಡಿರ‍್ಯಾಮ್ ಕೆಟ್ಟ ಮೆಮೊರಿ ಎಂದು ತೀರ್ಪು ಕೊಡಬೇಡ. 1996ರ ನಿಂಟೆಂಡೊ 64ರಲ್ಲಿ ಇದ್ದದ್ದು ಅದೇ. 2000ದ ಪ್ಲೇಸ್ಟೇಷನ್ 2ರಲ್ಲೂ ಅದೇ, 32 ಎಂಬಿ, ಸೆಕೆಂಡಿಗೆ 3.2 ಜಿಬಿ. ಅಲ್ಲಿ ಪ್ರೊಸೆಸರ್, ದಾರಿ, ಮೆಮೊರಿ ಮೂರನ್ನೂ ಒಂದಕ್ಕೊಂದು ಹೊಂದುವಂತೆ ಕೂಡಿಸಿದ್ದರು. ಮೆಮೊರಿ ಒಂದೇ, ಕೂತ ಜಾಗ ಬೇರೆ, ಫಲ ಬೇರೆ. ಡೆಸ್ಕ್‌ಟಾಪ್‌ನಲ್ಲೂ 2000ದ ನವೆಂಬರಿನಲ್ಲಿ ಪೆಂಟಿಯಮ್ 4 ಬಂದಾಗ ಅದಕ್ಕೆ ನ್ಯಾಯ ಸಿಕ್ಕಿತು. ಪೆಂಟಿಯಮ್ 4ರ ಬಸ್ ಸೆಕೆಂಡಿಗೆ 3.2 ಜಿಬಿ. ಜೊತೆಗೆ ಬಂದ 850 ಚಿಪ್‌ಸೆಟ್‌ನಲ್ಲಿ ಆರ್‌ಡಿರ‍್ಯಾಮ್ ಚಾನೆಲ್ ಎರಡು, ಅವೂ ಒಟ್ಟು 3.2 ಜಿಬಿ. ಅಳತೆಗೆ ಅಳತೆ. ಕ್ವೇಕ್ 3ರಂಥ ಆಟದಲ್ಲಿ ಆ ಜೋಡಿ ಚೆನ್ನಾಗಿ ಓಡುತ್ತಿತ್ತು.

ದುಡ್ಡು ಸಾಲದವರಿಗಾಗಿ 2001ರ ಸೆಪ್ಟೆಂಬರಿನಲ್ಲಿ 845 ಚಿಪ್‌ಸೆಟ್ ಬಂತು. ಅದೇ ಪೆಂಟಿಯಮ್ 4, ಆದರೆ ಪಿಸಿ133 ಎಸ್‌ಡಿರ‍್ಯಾಮ್. ಬಸ್ 3.2, ಮೆಮೊರಿ 1.06. ಮೂರು ಪಾಲು ಕೇಳುವ ಪ್ರೊಸೆಸರ್‌ಗೆ ಒಂದು ಪಾಲು. ಪೆಟ್ಟಿಗೆಯ ಮೇಲೆ ಗಿಗಾಹರ್ಟ್ಸ್ ಓದಿ ಹಣ ಕೊಟ್ಟ ಎಷ್ಟೋ ಮನೆಗಳಿಗೆ ಹೋದದ್ದು ಈ ಜೋಡಿಯೇ. ಅದೇ ಹಣಕ್ಕೆ ಗಡಿಯಾರದ ವೇಗ ಸ್ವಲ್ಪ ಕಡಿಮೆಯಿದ್ದರೂ ಡಿಡಿಆರ್ ಮೆಮೊರಿ ಇದ್ದ ಅಥ್ಲಾನ್ ಯಂತ್ರ ಎಷ್ಟೋ ಮೇಲಾಗುತ್ತಿತ್ತು. ಈ ಎಳೆದಾಟ ಇಂಟೆಲ್ ಕಡೆ ನೆಲೆಗೆ ನಿಂತದ್ದು 2003ರಲ್ಲಿ, 865 ಮತ್ತು 875 ಚಿಪ್‌ಸೆಟ್‌ಗಳಿಂದ: ಡಿಡಿಆರ್400 ಎರಡು ಚಾನೆಲ್, 6.4 ಜಿಬಿ, ಪ್ರೊಸೆಸರ್ ಬಸ್ಸೂ 6.4 ಜಿಬಿ. ಅದೇ ಕಾಲದ ಎನ್‌ವಿಡಿಯಾದ ಎನ್‌ಫೋರ್ಸ್2 ಚಿಪ್‌ಸೆಟ್‌ನಲ್ಲೂ ಮೆಮೊರಿ ಕಡೆ 6.4 ಇತ್ತು. ಆದರೆ ಅಥ್ಲಾನ್ ಎಕ್ಸ್‌ಪಿಯ ಬಸ್ 3.2ಕ್ಕೇ ನಿಂತಿತ್ತು. ಹಾಗಾಗಿ ಎರಡನೆಯ ಚಾನೆಲ್‌ನಿಂದ ಪ್ರೊಸೆಸರ್‌ಗೆ ಆದ ಉಪಕಾರ ಅಷ್ಟಕ್ಕಷ್ಟೆ. ಬೋರ್ಡಿನಲ್ಲೇ ಇದ್ದ ಗ್ರಾಫಿಕ್ಸ್ ಬಳಸುವವರಿಗೆ ಮಾತ್ರ ಅದು ಚೆನ್ನಾಗಿ ಒದಗಿತು.

ಆ ವರ್ಷಗಳ ಹೋಲಿಕೆಗಳಲ್ಲಿ ಇನ್ನೊಂದು ತೊಡಕಿತ್ತು. ಮೆಮೊರಿ ಬದಲಿಸಬೇಕೆಂದರೆ ಚಿಪ್‌ಸೆಟ್ ಬದಲಿಸಬೇಕು, ಬೋರ್ಡ್ ಬದಲಿಸಬೇಕು. ಆರ್‌ಡಿರ‍್ಯಾಮ್ ಹೆಚ್ಚೋ ಎಸ್‌ಡಿರ‍್ಯಾಮ್ ಹೆಚ್ಚೋ ಎಂದು ಪರೀಕ್ಷೆ ಮಾಡಿದವರು ನಿಜಕ್ಕೂ ಹೋಲಿಸುತ್ತಿದ್ದದ್ದು ಇಂಟೆಲ್ 820ನ್ನೂ ವಿಯಾ ಕಂಪನಿಯ ಅಪೊಲೊ ಪ್ರೊ 133ಎಯನ್ನೂ. ಗೆದ್ದದ್ದು ಮೆಮೊರಿಯೋ ಕಂಟ್ರೋಲರೋ ಹೇಳುವುದು ಹೇಗೆ? ಚಿಪ್‌ಸೆಟ್ ಎಷ್ಟು ವ್ಯತ್ಯಾಸ ಮಾಡುತ್ತದೆ ಎನ್ನಲು ನನಗೆ ತುಂಬ ಇಷ್ಟವಾದ ಉದಾಹರಣೆ ವಿಯಾದ್ದೇ. 2001ರಲ್ಲಿ ಅಥ್ಲಾನ್‌ಗಾಗಿ ಬಂದ ಕೆಟಿ266 ಚಿಪ್‌ಸೆಟ್ ಡಿಡಿಆರ್ ಮೆಮೊರಿ ಇಟ್ಟುಕೊಂಡೂ, ಸಾಧಾರಣ ಎಸ್‌ಡಿರ‍್ಯಾಮ್ ಇದ್ದ ಅದರ ಅಣ್ಣ ಕೆಟಿ133ಎಯನ್ನು ಹೇಳಿಕೊಳ್ಳುವಷ್ಟು ಹಿಂದೆ ಹಾಕಲಿಲ್ಲ. ಡಿಡಿಆರ್ ಎಂದರೆ ಇಷ್ಟೇನಾ ಎಂದರು ಜನ. ಕೆಲವೇ ತಿಂಗಳಲ್ಲಿ ಕಂಟ್ರೋಲರ್ ತಿದ್ದಿ ಕೆಟಿ266ಎ ತಂದರು. ಅದೇ ಪ್ರೊಸೆಸರ್, ಅದೇ ಡಿಡಿಆರ್ ಸ್ಟಿಕ್, ಹೆಸರಿನಲ್ಲಿ ಒಂದಕ್ಷರ ಹೆಚ್ಚು. ಯಂತ್ರ ಎದ್ದು ಕಾಣುವಷ್ಟು ಚುರುಕಾಯಿತು. ಒಂದು ಕೆಟ್ಟ ಕಂಟ್ರೋಲರ್ ನೋಡಿ ಮೆಮೊರಿಯನ್ನೇ ಹಳಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ನಿನ್ನ ಕಾಲಕ್ಕೆ ಬರೋಣ. 2003ರಲ್ಲಿ ಎಎಂಡಿ ಅಥ್ಲಾನ್ 64ರಲ್ಲಿ, 2008ರಲ್ಲಿ ಇಂಟೆಲ್ ಮೊದಲ ಕೋರ್ ಐ7ರಲ್ಲಿ ಮೆಮೊರಿ ಕಂಟ್ರೋಲರನ್ನು ಪ್ರೊಸೆಸರ್ ಒಳಕ್ಕೇ ತಂದುಬಿಟ್ಟರು. ಅಂದಿನಿಂದ ಚಿಪ್‌ಸೆಟ್ ಈ ದಾರಿಯಲ್ಲಿ ನಿಂತಿಲ್ಲ. ಒಂದೇ ಪ್ರೊಸೆಸರ್, ಒಂದೇ ರ‍್ಯಾಮ್, ಒಂದೇ ಸೆಟ್ಟಿಂಗ್ ಇದ್ದರೆ ಬಿ760 ಬೋರ್ಡಿಗೂ ದುಬಾರಿ ಝಡ್790 ಬೋರ್ಡಿಗೂ ಮೆಮೊರಿ ವೇಗದಲ್ಲಿ ಹೇಳಿಕೊಳ್ಳುವ ಅಂತರ ಬರುವುದಿಲ್ಲ. ಈಗ ಚಿಪ್‌ಸೆಟ್ ಕೈಯಲ್ಲಿರುವುದು ಅನುಮತಿ. ಬಿ460 ಬೋರ್ಡಿನಲ್ಲಿ ಕೋರ್ ಐ5 ಇಟ್ಟು 3200ರ ರ‍್ಯಾಮ್ ಹಾಕಿದರೆ ಅದು 2666ಕ್ಕೇ ಓಡುತ್ತದೆ. ಎಚ್610 ಬೋರ್ಡು ಪ್ರೊಸೆಸರ್‌ಗೆ ಅಧಿಕೃತವಾಗಿ ಗೊತ್ತುಮಾಡಿದ ವೇಗದಿಂದ ಮೇಲೆ ಹೋಗಗೊಡುವುದಿಲ್ಲ. ಬಿ660, ಬಿ760 ಹೋಗಗೊಡುತ್ತವೆ. ಅಂಗಡಿಯಲ್ಲಿ ಎಚ್610 ಬೋರ್ಡಿನ ಜೊತೆ ವೇಗದ ದುಬಾರಿ ರ‍್ಯಾಮ್ ಸೇರಿಸಿ ಕೊಟೇಶನ್ ಬರೆದಿದ್ದರೆ ಅಲ್ಲೇ ನಿಲ್ಲಿಸಿ ಕೇಳು. ಆ ವ್ಯತ್ಯಾಸದ ಹಣ ನೀರಿಗೆ ಹಾಕಿದಂತೆ.

ಚಿಪ್‌ಸೆಟ್ ಮಹತ್ವ ಉಳಿದಿರುವ ಇನ್ನೊಂದು ಕಡೆ ಎಸ್‌ಎಸ್‌ಡಿ. ಬಿ760 ಚಿಪ್‌ಸೆಟ್‌ಗೂ ಪ್ರೊಸೆಸರ್‌ಗೂ ನಡುವಿನ ಕೊಂಡಿ ಸೆಕೆಂಡಿಗೆ ಸುಮಾರು 8 ಜಿಬಿಯದು. ವೇಗದ ಎನ್‌ವಿಎಂಇ ಡ್ರೈವ್ ಒಂದೇ 7 ಜಿಬಿ ನುಂಗಬಲ್ಲದು. ಯುಎಸ್‌ಬಿ, ನೆಟ್‌ವರ್ಕ್, ಸಾಟಾ ಎಲ್ಲ ಹಾಯುವುದೂ ಅದೇ ಕೊಂಡಿಯಲ್ಲಿ. ಪ್ರೊಸೆಸರ್‌ಗೆ ನೇರವಾಗಿ ಸೇರುವ ಎಂ.2 ಸ್ಲಾಟ್ ಯಾವುದೆಂದು ಬೋರ್ಡಿನ ಪುಸ್ತಕದಲ್ಲಿ ಬರೆದಿರುತ್ತಾರೆ. ಮುಖ್ಯ ಡ್ರೈವನ್ನು ಅಲ್ಲಿ ಕೂರಿಸು.

ಲೇಟೆನ್ಸಿಯ ಲೆಕ್ಕವನ್ನೂ ಕಲಿತುಬಿಡು. ಸ್ಟಿಕ್ಕಿನ ಮೇಲೆ ಸಿಎಲ್ ಎಂದು ಇರುವ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಸಮಯ ನ್ಯಾನೊಸೆಕೆಂಡಿನಲ್ಲಿ ಬರುತ್ತದೆ. ಡಿಡಿಆರ್4 3200, ಸಿಎಲ್ 16: ಸರಿಯಾಗಿ 10. ಡಿಡಿಆರ್5 5600, ಸಿಎಲ್ 46: 16.4. ಡಿಡಿಆರ್5 6000, ಸಿಎಲ್ 30: ಮತ್ತೆ 10. ನೋಡು, ಒಂದೇ ಡಿಡಿಆರ್5 ಹೆಸರಿನಲ್ಲಿ ಎಷ್ಟು ಅಂತರ! 2021ರ ನವೆಂಬರಿನಲ್ಲಿ ಡಿಡಿಆರ್5 ಡೆಸ್ಕ್‌ಟಾಪ್‌ಗೆ ಬಂದಾಗ ಸಾಮಾನ್ಯವಾಗಿ ಸಿಗುತ್ತಿದ್ದದ್ದು 4800, ಸಿಎಲ್ 40ರ ಸ್ಟಿಕ್. ಆಟಗಳಲ್ಲಿ ಅದು ಒಳ್ಳೆಯ ಡಿಡಿಆರ್4ಕ್ಕಿಂತ ಮೇಲೇನೂ ಅನಿಸಲಿಲ್ಲ. ಅದನ್ನು ಖಚಿತವಾಗಿ ಹೇಳಲು ಸಾಧ್ಯವಾದದ್ದು ಒಂದು ಒಳ್ಳೆಯ ಸಂದರ್ಭದಿಂದ: ಆ ಪೀಳಿಗೆಯ ಇಂಟೆಲ್ ಪ್ರೊಸೆಸರ್ ಎರಡೂ ಬಗೆಯ ಮೆಮೊರಿ ನಡೆಸುತ್ತದೆ, ಒಂದೇ ಝಡ್690 ಚಿಪ್‌ಸೆಟ್‌ನಲ್ಲಿ ಡಿಡಿಆರ್4 ಬೋರ್ಡೂ ಇತ್ತು, ಡಿಡಿಆರ್5 ಬೋರ್ಡೂ ಇತ್ತು. ಪ್ರೊಸೆಸರ್, ಚಿಪ್‌ಸೆಟ್, ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ಹಾಗೇ ಇಟ್ಟು ಮೆಮೊರಿ ಮಾತ್ರ ಬದಲಿಸಿ ಅಳೆಯುವ ಅವಕಾಶ 1999ರಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಯಾರಾದರೂ ಪರೀಕ್ಷೆಯ ಫಲಿತಾಂಶ ತೋರಿಸಿದರೆ ನೀನು ಮೊದಲು ನೋಡಬೇಕಾದದ್ದು ಇದೇ: ಎಷ್ಟು ವಸ್ತು ಒಟ್ಟಿಗೆ ಬದಲಾಗಿವೆ?

ಎರಡನೆಯದಾಗಿ ಯಾವ ಕೆಲಸದ ಮೇಲೆ ಅಳೆದಿದ್ದಾರೆ ನೋಡು. ಮೆಮೊರಿ ಬ್ಯಾಂಡ್‌ವಿಡ್ತ್ ಅಳೆಯಲೆಂದೇ ಬರೆದ ಪ್ರೋಗ್ರಾಮಿನಲ್ಲಿ ಹೊಸ ಮೆಮೊರಿ ಬೆಟ್ಟದಷ್ಟು ಮೇಲೆ ಕಾಣುತ್ತದೆ. ಅದೇ ಯಂತ್ರದಲ್ಲಿ ಕಾಗದಪತ್ರದ ಕೆಲಸಕ್ಕೆ ಕೂತರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆಟದ ಪರೀಕ್ಷೆಗಳನ್ನು ಅತಿ ಬಲವಾದ ಗ್ರಾಫಿಕ್ಸ್ ಕಾರ್ಡ್ ಇಟ್ಟು, ರೆಸಲ್ಯೂಶನ್ ತಗ್ಗಿಸಿ ಮಾಡುತ್ತಾರೆ. ಪ್ರೊಸೆಸರ್, ಮೆಮೊರಿಗಳ ಅಂತರ ಎದ್ದು ಕಾಣಲೆಂದು ಹಾಗೆ ಮಾಡುವುದು, ಅದರಲ್ಲಿ ಮೋಸವಿಲ್ಲ. ಆದರೆ ನಿನ್ನ ಮನೆಯಲ್ಲಿ ಆ ಅಂತರ ಕಾಣುವುದಿಲ್ಲ. ಪ್ರೊಸೆಸರ್ ಒಳಗಿನ ಕ್ಯಾಶ್ ದೊಡ್ಡದಿದ್ದರೆ ಮೆಮೊರಿಯ ಮುಖ ನೋಡಬೇಕಾದ ಸಂದರ್ಭವೇ ಕಡಿಮೆ. 2022ರ ರೈಝೆನ್ 7 5800ಎಕ್ಸ್3ಡಿ 96 ಎಂಬಿ ಕ್ಯಾಶ್ ಇಟ್ಟುಕೊಂಡು, ಹಳೆಯ ಡಿಡಿಆರ್4 ಮೇಲೇ ನಿಂತು, ಆಟಗಳಲ್ಲಿ ಡಿಡಿಆರ್5 ಯಂತ್ರಗಳಿಗೆ ಸರಿಸಮ ನಿಂತದ್ದು ಹಾಗೆ.

ನಿನ್ನ ಕೆಲಸ ವಿಡಿಯೊ ಎಡಿಟಿಂಗ್, ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ಎಂದಿದ್ದೀಯ. ಅಲ್ಲಿಯವರೆಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೂ ಇದೇ ರ‍್ಯಾಮಿನಿಂದ ಪಾಲು ಹೋಗಬೇಕು. ಹಾಗಾಗಿ ನಿನಗೆ ಎರಡು ಚಾನೆಲ್ ಬೇಕೇ ಬೇಕು. ಅದಕ್ಕಿಂತ ಮುಖ್ಯ, ಜಾಗ. 4ಕೆ ಟೈಮ್‌ಲೈನ್, ಬ್ರೌಸರ್, ಫೋಟೊ ತಿದ್ದುವ ತಂತ್ರಾಂಶ ಎಲ್ಲ ತೆರೆದು 16 ಜಿಬಿ ಮುಗಿದುಹೋದರೆ ಕಂಪ್ಯೂಟರ್ ಎಸ್‌ಎಸ್‌ಡಿಯನ್ನೇ ಮೆಮೊರಿಯಾಗಿ ಬಳಸತೊಡಗುತ್ತದೆ. ರ‍್ಯಾಮ್ ಉತ್ತರ ಕೊಡುವುದು ನ್ಯಾನೊಸೆಕೆಂಡುಗಳಲ್ಲಿ, ಎಸ್‌ಎಸ್‌ಡಿ ಹತ್ತಾರು ಮೈಕ್ರೊಸೆಕೆಂಡುಗಳಲ್ಲಿ. ನೂರಾರು ಪಟ್ಟು ನಿಧಾನ. ಆ ಹಂತ ಮುಟ್ಟಿದ ಮೇಲೆ ಡಿಡಿಆರ್4 ಆದರೇನು, ಡಿಡಿಆರ್5 ಆದರೇನು?

ಆದ್ದರಿಂದ ಈ ಎರಡರಲ್ಲಿ ನನ್ನ ಓಟು ಮೊದಲನೆಯ ಕೊಟೇಶನ್‌ಗೆ: 32 ಜಿಬಿ, ಎರಡು ಸ್ಟಿಕ್, ಡಿಡಿಆರ್4. ಇದರ ಕೊರತೆಯನ್ನೂ ಹೇಳಿಬಿಡುತ್ತೇನೆ. ಈ ರ‍್ಯಾಮ್ ಮುಂದಿನ ಯಂತ್ರಕ್ಕೆ ಹೋಗುವುದಿಲ್ಲ. ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಡಿಡಿಆರ್5 ಬಿಟ್ಟು ಬೇರೆ ಕೂರುವುದಿಲ್ಲ, ಇಂಟೆಲ್‌ನ ಈಚಿನ ಡೆಸ್ಕ್‌ಟಾಪ್ ಬೋರ್ಡುಗಳೂ ಹಾಗೇ. ಕೈಯಲ್ಲಿ ಇನ್ನಷ್ಟು ಹಣವಿದ್ದು 16 ಜಿಬಿಯ ಡಿಡಿಆರ್5 ಸ್ಟಿಕ್ ಎರಡನ್ನು ಒಟ್ಟಿಗೆ ಕೊಳ್ಳಲಾದರೆ, 89.6 ಜಿಬಿ ದಾರಿ ತೆರೆಯುತ್ತದೆ, ಆಗ ನಾನು ಎರಡನೆಯದಕ್ಕೆ ಒಪ್ಪುತ್ತೇನೆ. "ಈಗ ಒಂದು, ಆಮೇಲೆ ಇನ್ನೊಂದು" ಎಂಬ ಅಂಗಡಿಯ ಮಾತನ್ನು ಮಾತ್ರ ನೆಚ್ಚಬೇಡ. ಎಐ ಸರ್ವರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಬೆಲೆ ಹೇಗೆ ಜಿಗಿಯಿತೆಂದು ನೀನೇ ಕಂಡಿದ್ದೀಯ. ಆಮೇಲಿನದು ಯಾವ ಬೆಲೆಗೆ ಸಿಗುತ್ತದೋ ಯಾರಿಗೆ ಗೊತ್ತು.

ಯಾವುದನ್ನೇ ತೆಗೆದುಕೊ, ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸ್ಟಿಕ್‌ಗಳನ್ನು ಪ್ರೊಸೆಸರ್ ಕಡೆಯಿಂದ ಎರಡನೆಯ, ನಾಲ್ಕನೆಯ ಸ್ಲಾಟ್‌ನಲ್ಲಿ ಕೂರಿಸು. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬುವ ಆಸೆ ಬೇಡ. ರೈಝೆನ್ 7000 ಸರಣಿಯಲ್ಲಿ ಎರಡು ಸ್ಟಿಕ್‌ಗೆ 5200 ಎಂದಿರುವ ಅಧಿಕೃತ ವೇಗ ನಾಲ್ಕಾದರೆ 3600ಕ್ಕೆ ಇಳಿಯುತ್ತದೆ. ಜೋಡಿಸಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡು. ಅದನ್ನು ಮರೆತು ವರ್ಷಗಟ್ಟಲೆ ಕಡಿಮೆ ವೇಗದಲ್ಲೇ ಓಡಿಸುತ್ತಿರುವವರು ಬೇಕಾದಷ್ಟು ಜನ. ಸಿಪಿಯು-ಝಡ್‌ನಲ್ಲಿ ತೋರುವ ಮೆಗಾಹರ್ಟ್ಸ್ ಅರ್ಧ ಇರುತ್ತದೆ. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಕೊಡುವುದರಿಂದ 1600 ಕಂಡರೆ ಅದು 3200, ಗಾಬರಿಯಾಗಬೇಡ.

ವಿಂಡೋಸ್ ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಇಡೀ ರಾತ್ರಿ ಓಡಲಿ. ಒಂದೇ ಒಂದು ದೋಷ ತೋರಿಸಿದರೂ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಮ್ಮೆ ನೋಡು. ಆಗಲೂ ತೋರಿಸಿದರೆ ಬಿಲ್ ಸಮೇತ ಸ್ಟಿಕ್ ತೆಗೆದುಕೊಂಡು ಮಾರನೆಯ ದಿನವೇ ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಾ.

ನಿನ್ನ ದೊಡ್ಡಪ್ಪ